ಸೂಜಿಗಲ್ಲಿನ ನ್ಯಾಯವೂ ಗಾಳಿಬೀಡಿನ ವಿದ್ಯಾಲಯವೂ

ಅಮೆರಿಕ ಸಂಯುಕ್ತ ಸಂಸ್ಥಾನದ ಸಾರ್ವಜನಿಕ ವಿದ್ಯಾಭ್ಯಾಸದಲ್ಲಿ ‘ಮ್ಯಾಗ್ನೆಟ್ ಶಾಲೆ’ಗಳೆಂಬುವು ಪ್ರಸಿದ್ಧವಾಗಿವೆ. ನಮ್ಮ ನುಡಿಯಲ್ಲಿ ಇವನ್ನು ಸೂಜಿಗಲ್ಲಿನ ಶಾಲೆಗಳೆನ್ನಬಹುದು. ಸಂಸ್ಕೃತಜ್ಞರಿಗೆ ಈ ರೂಪಕವು ಹೊಸತಲ್ಲ. ಉಮೆಯ ರೂಪದಿಂದ ಶಂಭುವಿನ ಮನಸ್ಸನ್ನು ಸೆಳೆಯಬೇಕೆಂದು ಬ್ರಹ್ಮನು ದೇವತೆಗಳಿಗೆ ಹೇಳುವಲ್ಲಿ ಕಾಳಿದಾಸನು ಅಯಸ್ಕಾಂತವನ್ನೂ ಲೋಹವನ್ನೂ ಉಪಮಾನವಾಗಿ ತಂದಿದ್ದಾನೆ. ಪುರುಷನ ಸನ್ನಿಧಿಮಾತ್ರದಿಂದ ಪ್ರಕೃತಿಯು ಪ್ರವರ್ತಿಸುವುದೆಂಬುದಕ್ಕೆ ಸಾಂಖ್ಯರಿಗೂ ಇದೇ ದೃಷ್ಟಾಂತ. ಎರಡೆಡೆಯೂ ಕಲ್ಲು ಸೆಳೆಯುತ್ತದೆ, ಆರಿಸುವುದಿಲ್ಲ. ಈ ಭೇದವು ಮುಂದೆ ಬೇಕಾಗುವುದರಿಂದ ಇಲ್ಲಿಯೇ ಹೇಳಿಟ್ಟಿದ್ದೇನೆ.

ಆ ದೇಶದಲ್ಲಿ ಕರಿಯರ ಮಕ್ಕಳಿಗೆ ಬೇರೆ ಶಾಲೆ, ಬಿಳಿಯರ ಮಕ್ಕಳಿಗೆ ಬೇರೆ ಶಾಲೆ ಎಂಬ ಏರ್ಪಾಟು ಅಸಿಂಧುವೆಂದು ಅಲ್ಲಿನ ಪರಮೋಚ್ಚ ನ್ಯಾಯಾಲಯವು 1954ರಲ್ಲಿ ತೀರ್ಪಿತ್ತಿತು. ತೀರ್ಪು ಬಂದ ಮಾತ್ರಕ್ಕೆ ಮಕ್ಕಳು ಒಂದೆಡೆ ಸೇರಲಿಲ್ಲ. ಬಲಾತ್ಕಾರದಿಂದ ಸೇರಿಸಹೋದಲ್ಲಿ ಕಲಹವಾಯಿತು. ಆಗ ವಿಶೇಷವಾದ ಪಾಠಕ್ರಮವನ್ನಿಟ್ಟು, ತಾಯಿತಂದೆಗಳು ತಾವಾಗಿಯೇ ಮಕ್ಕಳನ್ನು ದೂರದ ಕೇರಿಯ ಶಾಲೆಗೆ ಕಳುಹಿಸುವಂತೆ ಮಾಡುವ ಉಪಾಯವನ್ನು ಹೂಡಿದರು. 1968ರಲ್ಲಿ ಟಕೋಮಾ ನಗರದ ಮೆಕಾರ್ವರ್ ಶಾಲೆಯೂ ಮರುವರ್ಷ ಬಾಸ್ಟನ್ ನಗರದ ಟ್ರಾಟರ್ ಶಾಲೆಯೂ ಹೀಗೆ ಏರ್ಪಟ್ಟುವು. ಇಂಥ ಶಾಲೆಗಳಲ್ಲಿ ಕೆಲವಕ್ಕೆ ಪ್ರವೇಶಪರೀಕ್ಷೆಯುಂಟು, ಹಲವಕ್ಕೆ ಚೀಟಿಯೆತ್ತುವ ಪದ್ಧತಿ. ಏನೇ ಆದರೂ ಮೂಲೋದ್ದೇಶವು ಬೇರೆಬೇರೆಯಾಗಿದ್ದವರನ್ನು ಬೆರಸುವುದೇ ಆಗಿತ್ತು.

ದೂರದವರನ್ನು ಸೆಳೆದು ಅನ್ನವಸತಿಗಳನ್ನಿತ್ತು ಓದಿಸುವ ಕ್ರಮವು ಕರ್ಣಾಟಕಕ್ಕೆ ಅಪರಿಚಿತವಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಶಾ.ಶ. 867ರ (ಕ್ರಿ.ಶ. 945) ಸಾಲೋಟಗಿಯ ಶಾಸನವು ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿದ್ದ ಶಾಲೆಯೊಂದನ್ನು ವರ್ಣಿಸಿ, ಅವರ ವಾಸಕ್ಕಾಗಿ 27 ಮನೆಗಳನ್ನು ಹೇಳುತ್ತದೆ. ದೀಪಕ್ಕೂ ದತ್ತಿಯಿದ್ದಿತು. ಆದರೆ ಆ ಶಾಲೆಯ ಬಾಗಿಲು ಯಾರಿಗೆ ತೆರೆದಿತ್ತೆಂಬುದನ್ನು ಮರೆತು ಅದನ್ನು ಇಂದಿನದಕ್ಕೆ ಹೋಲಿಸುವುದು ಸಾಧುವಲ್ಲ. ಇಂದಿನದಕ್ಕೆ ಉದಾಹರಣೆಯನ್ನು ಕೊಡಗಿನಿಂದ ತೆಗೆದುಕೊಳ್ಳುತ್ತೇನೆ.

ಮಡಿಕೇರಿಗೆ ಸಮೀಪದ ಗಾಳಿಬೀಡಿನ ಹೆಸರು ಅನ್ವರ್ಥವೆಂಬುದು ಆಷಾಢಮಾಸದಲ್ಲಿ ಅಲ್ಲಿಗೆ ಹೋದವರಿಗೆ ವ್ಯಾಖ್ಯಾನವಿಲ್ಲದೆ ತಿಳಿಯುತ್ತದೆ. ಕೊಡಗು ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯವಿರುವುದು ಈ ಗ್ರಾಮದಲ್ಲಿ. ಈ ಯೋಜನೆಯು 1985-86ರಲ್ಲಿ ಹರಿಯಾಣದ ಝಜ್ಜರ್, ಮಹಾರಾಷ್ಟ್ರದ ಅಮರಾವತಿ ಎಂಬೆರಡು ಕಡೆ ಮೊದಲಾಗಿ, 1986ರ ರಾಷ್ಟ್ರೀಯ ಶಿಕ್ಷಣನೀತಿಯಲ್ಲಿ ಸ್ಥಾನಪಡೆದು, ಮಂಜೂರಾದ ಶಾಲೆಗಳ ಸಂಖ್ಯೆ 661ರವರೆಗೆ ಬೆಳೆಯಿತು. 2024ರ ಡಿಸೆಂಬರಿನಲ್ಲಿ ಮತ್ತೆ 28ಕ್ಕೆ ಒಪ್ಪಿಗೆ ದೊರೆಯಿತು. ತಮಿಳುನಾಡು ಮಾತ್ರ ಭಾಷಾನೀತಿಯ ಕಾರಣದಿಂದ ಇವಕ್ಕೆ ಎಡೆಗೊಡಲಿಲ್ಲ. ಊಟವಸತಿಗಳು ಸರಕಾರದವು; ಸ್ಥಾನಗಳಲ್ಲಿ ನೂರಕ್ಕೆ 75 ಗ್ರಾಮಾಂತರದ ಮಕ್ಕಳಿಗೆ, ಮೂರರಲ್ಲೊಂದು ಪಾಲು ಹೆಣ್ಣುಮಕ್ಕಳಿಗೆ; ಪರಿಶಿಷ್ಟ ಜಾತಿ ಪಂಗಡಗಳಿಗೂ ಪಾಲುಂಟು. ಹಳ್ಳಿಯ ಬಡಮಗುವಿಗೆ ಇಷ್ಟನ್ನು ಒದಗಿಸಿದ ಸರಕಾರೀ ಯೋಜನೆಗಳು ನಮ್ಮಲ್ಲಿ ವಿರಳ. ಈ ಗುಣವನ್ನು ಮೊದಲು ಒಪ್ಪಿಕೊಂಡೇ ಮುಂದಿನ ಮಾತು.

ಆರನೆಯ ತರಗತಿಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು. ಅವರನ್ನು ಆರಿಸುವುದು ಪರೀಕ್ಷೆ. ಹೀಗಿರಲು ಇದು ಅಯಸ್ಕಾಂತವಲ್ಲ, ಜರಡಿ. ಜರಡಿಯ ಕಣ್ಣೂ ಎಲ್ಲೆಡೆ ಸಮನಾಗಿಲ್ಲ. ಶಾಲೆಯು ಜಿಲ್ಲೆಗೊಂದು ಎಂಬುದು ಸಾಮಾನ್ಯ ನಿಯಮ. ಪರಿಶಿಷ್ಟರು ಹೆಚ್ಚಾಗಿರುವ ಕೆಲವು ಜಿಲ್ಲೆಗಳಿಗೆ ಎರಡನೆಯದೂ ದೊರೆತಿದೆ. 2011ರ ಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519, ನೆರೆಯ ಮೈಸೂರು ಜಿಲ್ಲೆಯದು 30,01,127. ಸ್ಥಾನಗಳು ಎರಡಕ್ಕೂ ಅಷ್ಟೇ ಎಂದ ಮೇಲೆ, ಗಡಿಯ ಈಚೆ ಹುಟ್ಟಿದ ಮಗುವಿಗೆ ಆಚೆಯದಕ್ಕಿಂತ ಐದುಮಡಿ ಅವಕಾಶ. ಇದು ಪ್ರತಿಭೆಯ ಗಣನೆಯಲ್ಲ, ಭೂಪಟದ ಗಣನೆ.

ಭಾಷೆಯ ವಿಷಯವು ಕೊಡಗಿನಲ್ಲಿ ಇನ್ನೂ ಸೂಕ್ಷ್ಮವಾದುದು. ಏಳನೆಯ ಅಥವಾ ಎಂಟನೆಯ ತರಗತಿಯವರೆಗೆ ಮಾತೃಭಾಷೆಯಲ್ಲಿ ಇಲ್ಲವೆ ಪ್ರಾಂತಭಾಷೆಯಲ್ಲಿ ಬೋಧನೆಯೆಂಬುದು ಯೋಜನೆಯ ಕ್ರಮ. ಮೈಸೂರು ಸೀಮೆಯಲ್ಲಿ ಬಹುಮಟ್ಟಿಗೆ ಎರಡೂ ಒಂದೇ. ಕೊಡಗಿನಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲೆಯಾಳ, ಎರವರ ನುಡಿ, ಕುರುಬರ ನುಡಿ ಇವುಗಳನ್ನು ಮನೆಯಲ್ಲಾಡುವ ಮಗುವಿಗೆ ಕನ್ನಡವೇ ಕಲಿತ ಭಾಷೆ. ಎಳೆಯ ವಯಸ್ಸಿನಲ್ಲಿಯೇ ಅದು ಕಲಿತ ಭಾಷೆಯಲ್ಲಿ ಪರೀಕ್ಷೆ ಕೊಡಬೇಕು. ‘ಇಲ್ಲವೆ’ ಎಂಬ ಒಂದು ಅವ್ಯಯದಲ್ಲಿ ಎಷ್ಟು ಮಕ್ಕಳ ಮನೆಮಾತು ಅಡಗಿಹೋಯಿತೆಂಬುದನ್ನು ಕನ್ನಡದ ಉಪಾಧ್ಯಾಯರಾದ ನಾವು ಗಮನಿಸಿದ್ದು ಕಡಮೆ.

ಹಾಗಾದರೆ ಸೂಜಿಗಲ್ಲಿನ ಧರ್ಮವು ಈ ಶಾಲೆಯಲ್ಲಿ ಎಲ್ಲಿಯೂ ಇಲ್ಲವೆ? ಇದೆ, ಪ್ರವೇಶದಲ್ಲಲ್ಲ, ಒಂಬತ್ತನೆಯ ತರಗತಿಯಲ್ಲಿ. ಆ ತರಗತಿಯ ಮಕ್ಕಳಲ್ಲಿ ನೂರಕ್ಕೆ 30ರಷ್ಟನ್ನು ಹಿಂದೀ ಪ್ರಾಂತಗಳ ಮತ್ತು ಇತರ ಪ್ರಾಂತಗಳ ವಿದ್ಯಾಲಯಗಳ ನಡುವೆ ಒಂದು ವರ್ಷದ ಮಟ್ಟಿಗೆ ವಿನಿಮಯ ಮಾಡುವ ನಿಯಮವುಂಟು. ಬಯಲುಸೀಮೆಯ ಹಿಂದೀ ಹುಡುಗನು ಕೊಡಗಿನ ಮಳೆಯಲ್ಲಿ ನೆನೆಯುವುದೂ ಇಲ್ಲಿಯ ಹುಡುಗಿ ಅಲ್ಲಿಯ ಚಳಿಯಲ್ಲಿ ನಡುಗುವುದೂ, ಬೆರಸುವುದೇ ಉದ್ದೇಶವೆಂದಾದರೆ, ಟಕೋಮಾದ ಉದ್ದೇಶಕ್ಕೆ ಅತ್ಯಂತ ಸಮೀಪವಾದ ಅಂಶ. ಯೋಜನೆಯನ್ನು ಹೊಗಳುವವರು ಪರೀಕ್ಷೆಯ ಫಲಿತಾಂಶಗಳನ್ನೇ ಎಣಿಸಿ ಇದನ್ನು ಬಿಟ್ಟುಬಿಡುವುದು ವಿಚಿತ್ರ.

ಇನ್ನು ಹಿಂದೆ ಉಳಿದವರ ಮಾತು. ನೆರೆಹೊರೆಯ ಮಕ್ಕಳೆಲ್ಲರೂ ಒಂದೇ ಶಾಲೆಯಲ್ಲಿ ಓದಬೇಕೆಂಬುದು 1966ರಲ್ಲಿ ವರದಿಯಿತ್ತ ಕೊಠಾರಿ ಆಯೋಗದ ಮತ. 1986ರ ನೀತಿಯಾದರೋ ನವೋದಯಗಳನ್ನು ಇತರ ಶಾಲೆಗಳಿಗೆ ನಡಿಗೆಯ ವೇಗವನ್ನು ತೋರಿಸುವ ಶಾಲೆಗಳೆಂದು ಕರೆಯಿತು. ವೇಗವನ್ನು ತೋರಿಸಬೇಕಾದರೆ ಜೊತೆಯಲ್ಲಿ ನಡೆಯಬೇಕಷ್ಟೆ. ನಾನು ಹನ್ನೊಂದನೆಯ ವಯಸ್ಸಿನಲ್ಲಿ ಊರ ಶಾಲೆಯನ್ನು ಬಿಟ್ಟು, ವಸತಿಯಿದ್ದ ಸಂಸ್ಕೃತ ಪಾಠಶಾಲೆಯನ್ನು ಸೇರಿದವನು. ಅದರಿಂದ ನನಗಾದ ಲಾಭವು ದೊಡ್ಡದು. ಬಹುವರ್ಷಗಳಮೇಲೆ ಊರಿನ ಹಳೆಯ ಮೇಷ್ಟರು ಸಿಕ್ಕಿ, “ನೀನು ಹೋದ ಮೇಲೆ ಉಳಿದ ಹುಡುಗರಿಗೆ ಪಾಠ ಓದಿಹೇಳುವವರೇ ಇಲ್ಲವಾದರಪ್ಪಾ” ಎಂದರು. ಅವರ ಧ್ವನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಆದರೂ ಆ ಮಾತಿಗೆ ಉತ್ತರವು ನನಗೆ ಈವರೆಗೆ ಹೊಳೆದಿಲ್ಲ.

ಕೊಡಗಿನಲ್ಲಿ ಈಗ ಸೆಳೆಯುವ ಕಲ್ಲು ಒಂದೇ ಅಲ್ಲ. ಕೂಡಿಗೆಯಲ್ಲಿ 2007ರಿಂದ ಸೈನಿಕ ಶಾಲೆಯಿದೆ. ರಾಜ್ಯಸರಕಾರದ ಮೊರಾರ್ಜಿ ದೇಸಾಯಿ ವಸತಿಶಾಲೆಗಳಿವೆ. ಮೂರೂ ಮಕ್ಕಳನ್ನು ತೆಗೆದುಕೊಳ್ಳುವುದು ಆರನೆಯ ತರಗತಿಗೆ, ಎಂದರೆ ಊರ ಶಾಲೆಯ ಐದನೆಯ ತರಗತಿಯಿಂದಲೇ. ಜೂನ್ ತಿಂಗಳಲ್ಲಿ ಆ ಊರ ಶಾಲೆಯ ಆರನೆಯ ತರಗತಿಯ ಹಾಜರಿ ಪುಸ್ತಕವನ್ನು ತೆರೆಯುವ ಉಪಾಧ್ಯಾಯರನ್ನು ಕೇಳಿ ಬರೆಯುವವರು ಯಾರಾದರೂ ಮುಂದೆ ಬಂದರೆ, ಈ ಲೇಖನದ ಉಳಿದರ್ಧವು ಆಗ ಸಿದ್ಧವಾಗುತ್ತದೆ.