ದಂಡಿನ ರಾತ್ರಿಗಳು

ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸಿ ನಿವೃತ್ತನಾದವನು ಪಬ್ಬುಗಳ ಕುರಿತು ಬರೆಯಲು ಹೊರಟರೆ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸಬಹುದು. ಏರಿಸಲಿ. ಬೆಂಗಳೂರಿನ ಇತಿಹಾಸವನ್ನು ಕೆಂಪೇಗೌಡರಿಂದ ಹಿಡಿದು ವಿಧಾನಸೌಧದವರೆಗೆ ಪಾಠ ಹೇಳಿದ ನಾನು, ಕಣ್ಣಾರೆ ಕಂಡ ಒಂದು ಅಧ್ಯಾಯವನ್ನು ಮಾತ್ರ ತರಗತಿಯಲ್ಲಿ ಎಂದೂ ತೆರೆಯಲಿಲ್ಲ.

ತುಮಕೂರು ಜಿಲ್ಲೆಯ ನಮ್ಮ ಹಳ್ಳಿಗೆ ‘ಕ್ಲಬ್ಬು’ ಎಂಬುದನ್ನು ಪರಿಚಯಿಸಿದ್ದು ಟೆಂಟ್ ಸಿನಿಮಾ. 1968ರ ‘ಜೇಡರ ಬಲೆ’ ನಮ್ಮ ಕಡೆಗೆ ಬರುವಷ್ಟರಲ್ಲಿ ಒಂದೆರಡು ವರ್ಷ ಕಳೆದಿತ್ತು. ಕ್ಲಬ್ಬೆಂದರೆ ಖಳನಾಯಕರು ಕೂಡುವ ಸ್ಥಳ, ರಾಜಕುಮಾರ್ ಅಂಥವರು ಅಲ್ಲಿಗೆ ಕಾಲಿಡುವುದು ಕೇವಲ ಕರ್ತವ್ಯನಿಮಿತ್ತ ಎಂದು ನಾವು ಹುಡುಗರು ನಂಬಿದ್ದೆವು. ಊರಿನಲ್ಲಿ ಸಾರಾಯಿ ಅಂಗಡಿಯೊಂದಿತ್ತು. ಅದರ ಮುಂದೆ ಹಾದುಹೋಗುವಾಗ ತಂದೆಯವರು ನನ್ನ ತಲೆಯನ್ನು ಕೈಯಿಂದ ಆಚೆ ತಿರುಗಿಸುತ್ತಿದ್ದರು.

1985ರಲ್ಲಿ ಬಿ.ಎಡ್. ಮುಗಿಸಿ ಬೆಂಗಳೂರಿನ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಚಾಮರಾಜಪೇಟೆಯ ವಠಾರವೊಂದರಲ್ಲಿ ಒಂದು ಕೋಣೆ, ಒಂದು ಸೀಮೆಎಣ್ಣೆ ಸ್ಟೌ, ಸಿ. ಅಶ್ವತ್ಥ್ ಅವರ ಭಾವಗೀತೆಗಳ ಎರಡು ಕ್ಯಾಸೆಟ್ಟು, ಇಷ್ಟೇ ನನ್ನ ಸಂಸಾರ. ಕಬ್ಬನ್ ಪಾರ್ಕಿನ ಆಚೆಗೆ ಇನ್ನೊಂದು ಬೆಂಗಳೂರಿದೆಯೆಂದು ತಿಳಿದಿತ್ತು. 1809ರಲ್ಲಿ ಬ್ರಿಟಿಷರು ತಮ್ಮ ಸೈನ್ಯಕ್ಕಾಗಿ ಕಟ್ಟಿಕೊಂಡ ದಂಡು ಪ್ರದೇಶ ಅದು. ಪೇಟೆಗೂ ದಂಡಿಗೂ ಬೇರೆ ಬೇರೆ ಆಡಳಿತವಿದ್ದು, ಎರಡೂ ಒಂದೇ ನಗರಪಾಲಿಕೆಗೆ ಸೇರಿದ್ದು 1949ರಲ್ಲಿ. ಕಾಗದದ ಮೇಲೆ ಸೇರಿದವು, ಅಷ್ಟೆ. ನಮ್ಮ ವಠಾರದ ಹಿರಿಯರು ನನ್ನ ಕಾಲದಲ್ಲಿಯೂ ಮಹಾತ್ಮ ಗಾಂಧಿ ರಸ್ತೆಗೆ ಹೋಗುವುದನ್ನು ‘ದಂಡಿಗೆ ಹೋಗಿ ಬಂದೆ’ ಎಂದು ಪರಊರಿನ ಪ್ರಯಾಣದಂತೆಯೇ ಹೇಳುತ್ತಿದ್ದರು.

ಆ ಭಾಗದಲ್ಲಿ ಕುಡಿತಕ್ಕೆ ಸ್ಥಳವಿರಲಿಲ್ಲವೆಂದಲ್ಲ. 1868ರಷ್ಟು ಹಳೆಯ ಬೆಂಗಳೂರು ಕ್ಲಬ್ ಇತ್ತು; ತರುಣ ಸೇನಾಧಿಕಾರಿ ಚರ್ಚಿಲ್ ಅಲ್ಲಿ 13 ರೂಪಾಯಿ ಬಾಕಿ ಉಳಿಸಿ ಹೋದನೆಂಬುದು ಅದರ ಲೆಕ್ಕದ ಪುಸ್ತಕದಲ್ಲಿದೆ. ಆದರೆ ಅಂಥ ಬಾಗಿಲನ್ನು ದಾಟಲು ಸದಸ್ಯತ್ವ ಬೇಕು, ಶೂ ಬೇಕು. ಇತ್ತ ಪೇಟೆಯ ಬಾರುಗಳೋ ಕತ್ತಲ ಗುಹೆಗಳು. ಪರಿಚಯದವರು ಕಂಡಾರೆಂದು ಮುಖ ಮರೆಸಿಕೊಂಡು ಒಳಗೆ ನುಗ್ಗಬೇಕು. ಇವೆರಡರ ನಡುವೆ, 1980ರ ದಶಕದ ಉತ್ತರಾರ್ಧದಲ್ಲಿ, ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಪಬ್ಬುಗಳು ತೆರೆದುಕೊಂಡವು. ಯಾರೂ ಹೋಗಬಹುದು, ಒಂದು ಮಗ್ ಬಿಯರ್ ಹಿಡಿದು ಗಂಟೆಗಟ್ಟಲೆ ಕೂರಬಹುದು. ನನ್ನಂಥ ಮೇಷ್ಟ್ರಿಗೆ ಅದೇ ದೊಡ್ಡ ಸಂಗತಿ.

ಪೀಪಾಯಿಯಿಂದ ನೇರವಾಗಿ ತುಂಬಿಕೊಡುವ ಡ್ರಾಟ್ ಬಿಯರ್ ಬಾಟಲಿಯದರಂತೆ ಬಹುಕಾಲ ಬಾಳುವುದಿಲ್ಲ. ಬೇಗ ಮುಗಿಯಬೇಕು, ತಯಾರಾಗುವ ಜಾಗಕ್ಕೆ ಹತ್ತಿರವಿರಬೇಕು. ಬೆಂಗಳೂರಿನಲ್ಲಿ ಬ್ರೂವರಿ ಹೊಸದಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸೈನಿಕರಿಗಾಗಿ ಇಲ್ಲಿ ಬಿಯರ್ ತಯಾರಾಗುತ್ತಿತ್ತು, ಪೀಪಾಯಿಗಳು ಎತ್ತಿನ ಗಾಡಿಯಲ್ಲಿ ಸಾಗುತ್ತಿದ್ದವು. ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಗ್ಗೂಡಿಸಿ 1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಷ್‌ಮನ್ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದ. 1947ರಲ್ಲಿ ಅದರ ಮೊದಲ ಭಾರತೀಯ ನಿರ್ದೇಶಕರಾದವರು ವಿಠಲ ಮಲ್ಯ, ದಕ್ಷಿಣ ಕನ್ನಡದ ಬಂಟ್ವಾಳ ಮೂಲದವರು. ಇದರ ಜೊತೆಗೆ ಊರಿನ ತಂಪು ಹವೆ, ಸರ್ಕಾರಿ ಕಾರ್ಖಾನೆಗಳ ತಿಂಗಳ ಸಂಬಳ, ಕಾಲೇಜುಗಳ ಹುಡುಗರು ಎಲ್ಲವೂ ಸೇರಿದವು.

1988ರ ಒಂದು ಶನಿವಾರ ಬಿ.ಎಡ್. ಸಹಪಾಠಿಯೊಬ್ಬ ನನ್ನನ್ನು ಎಳೆದೊಯ್ದ. ಹೊಗೆ, ಹಳದಿ ಬೆಳಕು, ಮರದ ಬೆಂಚು. ಇವೆಲ್ಲವನ್ನೂ ಮೀರಿದ್ದು ಸದ್ದು. ಪಿಂಕ್ ಫ್ಲಾಯ್ಡ್, ಡೀಪ್ ಪರ್ಪಲ್, ಡೈರ್ ಸ್ಟ್ರೈಟ್ಸ್ ಎಂಬ ಹೆಸರುಗಳನ್ನು ಆಮೇಲೆ ಕಲಿತೆ. ಆ ರಾತ್ರಿ ಒಂದು ಪದವೂ ಅರ್ಥವಾಗಲಿಲ್ಲ. ಆದರೆ ದೀರ್ಘವಾದ ಗಿಟಾರಿನ ಆಲಾಪವೊಂದು, ಊರ ರಥೋತ್ಸವದಲ್ಲಿ ನಡುರಾತ್ರಿ ಕೇಳುತ್ತಿದ್ದ ನಾಗಸ್ವರದಂತೆ, ಎದೆಯನ್ನು ಹಿಡಿದು ನಿಲ್ಲಿಸಿತು. ಪಾಶ್ಚಾತ್ಯ ಸಂಗೀತ ನಮ್ಮ ನೆಲಕ್ಕೆ ಸಲ್ಲದೆನ್ನುವವರಿಗೆ ನಾನು ಜಯಚಾಮರಾಜ ಒಡೆಯರ ಹೆಸರು ಹೇಳುವುದುಂಟು. ರಷ್ಯನ್ ಸಂಗೀತಕಾರ ಮೆಡ್ಟ್ನರನ ಕೃತಿಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು ಹಣ ಕೊಟ್ಟವರು ನಮ್ಮ ಮಹಾರಾಜರು! ಮುಂದೆ ರೆಸ್ಟ್ ಹೌಸ್ ರಸ್ತೆಯಲ್ಲಿ ‘ಪೆಕೋಸ್’ ಆರಂಭವಾದಾಗ ಅದರ ಇಕ್ಕಟ್ಟಿನ ಮೆಟ್ಟಿಲುಗಳನ್ನೂ ಹತ್ತಿದೆ. ಆಕಾಶನೌಕೆಯ ಒಳಾಂಗಣದಂತೆ ಕಟ್ಟಿದ್ದ ‘ನಾಸಾ’ವನ್ನು ಒಮ್ಮೆ ನೋಡಿಬಂದೆ. ಅದು ನನಗೆ ಸರಿಬರಲಿಲ್ಲ.

ಅಲ್ಲಿ ಇಂಗ್ಲಿಷಿನಲ್ಲಿಯೇ ಮಾತಾಡಬೇಕೆಂಬ ಭಯವಿತ್ತು. ಗೋಕಾಕ್ ಚಳವಳಿಯಲ್ಲಿ, 1982ರಲ್ಲಿ, ಕನ್ನಡಕ್ಕಾಗಿ ಘೋಷಣೆ ಕೂಗಿದವನು ಆರು ವರ್ಷದ ಬಳಿಕ ‘ಒನ್ ಮಗ್ ಪ್ಲೀಸ್’ ಎಂಬುದನ್ನು ಬಸ್ಸಿನಲ್ಲಿ ಅಭ್ಯಾಸ ಮಾಡುತ್ತ ಹೋಗುತ್ತಿದ್ದೆ. ಮೂರನೆಯದೋ ನಾಲ್ಕನೆಯದೋ ಸಲ, ಹಾಗೆ ಕೇಳಿದಾಗ ಎದುರು ನಿಂತ ಮಾಣಿ ಮೆಲ್ಲನೆ, “ಮೇಷ್ಟ್ರೇ, ನೀವಾ?” ಎಂದ. ನನ್ನ ಎಂಟನೆಯ ತರಗತಿಯ ಹುಡುಗನೊಬ್ಬನ ತಂದೆ, ಹಾಸನದ ಕಡೆಯವರು. ನಾಲಿಗೆ ಒಣಗಿತು. ಆದರೆ ನನಗಿಂತ ಹೆಚ್ಚು ಗಾಬರಿಯಾದವರು ಅವರೇ. “ಹುಡುಗನಿಗೆ ತಿಂಡಿ ಹೋಟ್ಲಲ್ಲಿ ಕೆಲಸ ಅಂತ ಹೇಳಿದೀನಿ ಸಾರ್. ಇಲ್ಲಿ ಅಂತ ಗೊತ್ತಾದ್ರೆ...” ಎಂದು ತಡವರಿಸಿದರು. “ನಾನೂ ಇಲ್ಲಿಗೆ ಬಂದಿಲ್ಲ ಬಿಡಿ” ಎಂದೆ. ಇಬ್ಬರೂ ನಕ್ಕೆವು. ಮುಂದಿನ ಎರಡು ವರ್ಷ ಪೋಷಕರ ಸಭೆಗಳಲ್ಲಿ ಅವರು ಕೈಮುಗಿದು, “ಹುಡುಗ ಹೇಗೆ ಓದ್ತಾನೆ ಸಾರ್?” ಎಂದು ಕೇಳುತ್ತಿದ್ದರು, ನಾನು ಮೊದಲ ಸಲ ಕಂಡವನಂತೆ ಉತ್ತರಿಸುತ್ತಿದ್ದೆ. ಚರ್ಚ್ ಸ್ಟ್ರೀಟಿನಲ್ಲಿ ನಾನು ಮನಸಾರೆ ಕನ್ನಡ ಮಾತಾಡಿದ್ದು ಅವರೊಬ್ಬರೊಂದಿಗೆ.

ಬಿ.ಟಿ.ಎಸ್. ಕೊನೆಯ ಬಸ್ಸು ತಪ್ಪಿದ ರಾತ್ರಿಗಳಲ್ಲಿ ಕಸ್ತೂರಬಾ ರಸ್ತೆ, ಹಡ್ಸನ್ ವೃತ್ತ, ಪುರಭವನದ ದಾರಿ ಹಿಡಿದು ಕೋಣೆಗೆ ನಡೆದೇ ಬರುತ್ತಿದ್ದೆ. ಜನಸಂಚಾರವಿಲ್ಲದ ಆ ರಸ್ತೆಯಲ್ಲಿ ದಂಡು ಮುಗಿದು ಪೇಟೆ ಶುರುವಾಗುವುದು ಕಾಲಿಗೇ ತಿಳಿಯುತ್ತಿತ್ತು. ವಠಾರದ ಬಾಗಿಲು ತಟ್ಟುವ ಮುನ್ನ ಏಲಕ್ಕಿ ಅಗಿಯುತ್ತಿದ್ದೆ. 1991ರಲ್ಲಿ ಮದುವೆಯಾಯಿತು, ಶನಿವಾರಗಳು ನಿಂತವು. ತಂದೆಯವರು ತೀರಿಕೊಳ್ಳುವವರೆಗೂ ಅವರಿಗೆ ಹೇಳಲಿಲ್ಲ. ಸಾರಾಯಿ ಕುಡಿದ ಕೂಲಿಯವನನ್ನು ‘ಕುಡುಕ’ ಎಂದೂ, ಮಗ್ ಹಿಡಿದ ನನ್ನನ್ನು ‘ಸಂಗೀತಪ್ರಿಯ’ ಎಂದೂ ನಾನೇ ಕರೆದುಕೊಂಡಿದ್ದೆ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ, ಪಬ್ಬುಗಳು ಎಂದಿನಂತೆ ತೆರೆದೇ ಇದ್ದಾಗ, ಆ ಮಾತು ನನ್ನನ್ನು ಚುಚ್ಚಿತು.

2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿ ಯುವತಿಯರನ್ನು ಹೊಡೆದ ಸುದ್ದಿ ಬಂತು. ಸೋಮವಾರ ಗಣರಾಜ್ಯೋತ್ಸವ, ಧ್ವಜಾರೋಹಣದ ಬಳಿಕ ಶಿಕ್ಷಕರ ಕೊಠಡಿಯಲ್ಲಿ ಚರ್ಚೆಯೇ ಚರ್ಚೆ. ಹೊಡೆದದ್ದು ತಪ್ಪು, ಆದರೂ ಒಳ್ಳೆಯ ಮನೆತನದವರು ಯಾರಾದರೂ ಅಂಥಲ್ಲಿಗೆ ಹೋಗುತ್ತಾರೆಯೇ ಎಂದರು ಹಿರಿಯ ಸಹೋದ್ಯೋಗಿಯೊಬ್ಬರು. ಎಲ್ಲರೂ ತಲೆಯಾಡಿಸಿದರು. ಹಾಸನದ ಆ ಮುಖ ಕಣ್ಣೆದುರು ಬಂತು. “ನಾನು ಹೋಗುತ್ತಿದ್ದೆ” ಎಂಬ ಎರಡು ಪದ ಗಂಟಲಲ್ಲಿದ್ದವು. “ಏನ್ರೀ ಮೇಷ್ಟ್ರೇ, ನೀವು ಇತಿಹಾಸದವರು, ಸುಮ್ಮನಿದ್ದೀರಿ?” ಎಂದು ಅವರು ನನ್ನತ್ತ ತಿರುಗಿದರು. ನಾನು ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ, ಕೆಂಪು ಪೆನ್ನು ತೆಗೆದುಕೊಂಡೆ.