ಕಿವಿಗೊಟ್ಟು ಕಲಿತ ಭಾಷೆ

1991ರ ಡಿಸೆಂಬರ್. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಆಂಡ್ರ್ಯೂ ಟ್ರಿಜೆಲ್ ಅವರ ಮೇಜಿನ ಮೇಲೆ ಒಂದು ಡಾಸ್ ಪೀಸಿ ಇತ್ತು. ಬೇಕಾದ ಫೈಲುಗಳೆಲ್ಲ ಇದ್ದದ್ದು ಸನ್ ಕಂಪನಿಯ ಯುನಿಕ್ಸ್ ಯಂತ್ರದಲ್ಲಿ. ಪೀಸಿಯಲ್ಲಿದ್ದ ಪಾಥ್‌ವರ್ಕ್ಸ್ ಎಂಬ ತಂತ್ರಾಂಶ ತನ್ನ ಡಿಜಿಟಲ್ ಕಂಪನಿಯ ಸರ್ವರ್ ಜೊತೆ ಬಿಟ್ಟರೆ ಬೇರೆಯವರೊಡನೆ ಮಾತಾಡುತ್ತಿರಲಿಲ್ಲ. ಆ ಮಾತಿನ ವ್ಯಾಕರಣ ಟ್ರಿಜೆಲ್ ಕೈಯಲ್ಲಿರಲಿಲ್ಲ. ನೆಟ್‌ವರ್ಕಿನಲ್ಲಿ ಓಡಾಡುವ ಪ್ಯಾಕೆಟ್ಟುಗಳನ್ನು ಹಿಡಿದು ನೋಡುತ್ತ, ಯಾವ ಬೈಟಿಗೆ ಏನರ್ಥವೆಂದು ಊಹಿಸುತ್ತ ಅವರೇ ಒಂದು ಸರ್ವರ್ ಬರೆದು, 1992ರ ಜನವರಿಯಲ್ಲಿ ಎಲ್ಲರಿಗೂ ಹಂಚಿದರು. ತಾವು ಕಲಿತದ್ದು ಮೈಕ್ರೋಸಾಫ್ಟ್ ಜಾಲಗಳೂ ಆಡುವ ಎಸ್‌ಎಂಬಿ ಎಂಬ ಭಾಷೆ ಎಂದು ಅವರಿಗೆ ತಿಳಿದದ್ದು ಆಮೇಲೆ.

ಈ ಮೂರು ಅಕ್ಷರಗಳು ಇದೇ ಕ್ರಮದಲ್ಲಿ ಬರುವ ಪದವನ್ನು ಪದಪಟ್ಟಿಯಲ್ಲಿ ಹುಡುಕಿದಾಗ ಸಿಕ್ಕ ಹೆಸರು ಸಾಂಬಾ. (ನಮ್ಮ ಸಾಂಬಾರಿಗೂ ಇದಕ್ಕೂ ಸಂಬಂಧವಿಲ್ಲ.)

ತಮ್ಮ ವಿಧಾನಕ್ಕೆ ಟ್ರಿಜೆಲ್ ಕೊಡುವ ಹೋಲಿಕೆ ಫ್ರೆಂಚ್ ಕೆಫೆಯದು. ಭಾಷೆ ಬಾರದವನೊಬ್ಬ ಮೂಲೆಯಲ್ಲಿ ಕೂತು, ಗಿರಾಕಿ ಏನೆಂದ, ಮಾಣಿ ಏನು ತಂದಿಟ್ಟ ಎಂದು ದಿನವಿಡೀ ನೋಡುತ್ತಾನೆ; ಆಮೇಲೆ ತಾನೂ ಒಂದು ಮಾತು ಹೇಳಿ ಏನು ಬರುತ್ತದೋ ಕಾಯುತ್ತಾನೆ. ಭಾಷಾವಿಜ್ಞಾನದ ಎಂಎಯಲ್ಲಿ ಬರಹವಿಲ್ಲದ ಭಾಷೆಯನ್ನು ದಾಖಲಿಸಲು ನಮಗೆ ಹೇಳಿಕೊಟ್ಟದ್ದೂ ಇದನ್ನೇ. ಕಂಪನಿಯ ಕೋಡನ್ನು ಇಲ್ಲಿ ಯಾರೂ ಕದಿಯಲಿಲ್ಲ, ಕೇಳಿಸಿಕೊಂಡರು ಅಷ್ಟೇ.

ಆದರೂ ಸ್ವತಂತ್ರ ತಂತ್ರಾಂಶದವರೊಳಗೇ ಒಂದು ಆಕ್ಷೇಪ ಹಳೆಯದು: ವಿಂಡೋಸ್‌ಗೆ ಹೊಂದುವಂತೆ ಬರೆದರೆ ವಿಂಡೋಸ್ ಬಿಡುವ ಅಗತ್ಯವೇ ಯಾರಿಗೂ ಬಾರದಲ್ಲ? ಇದರಲ್ಲಿ ಹುರುಳಿದೆ. ಎದುರಿನವರು ಹೊಸ ಆವೃತ್ತಿ ತಂದಾಗಲೆಲ್ಲ ಸಾಂಬಾ ಅವರ ಹಿಂದೆ ಓಡಬೇಕಾಯಿತು. ಆದರೆ 1983ರಲ್ಲಿ ಗ್ನೂ ಯೋಜನೆ ಘೋಷಿಸಿದ ರಿಚರ್ಡ್ ಸ್ಟಾಲ್ಮನ್ ಅದನ್ನು ಯುನಿಕ್ಸ್‌ಗೆ ಹೊಂದುವಂತೆಯೇ ಕಟ್ಟಹೊರಟರು. ಆಗಿನ ಯುನಿಕ್ಸ್ ಸ್ವತಂತ್ರವೇನಲ್ಲ. ಹಳೆಯ ಮನೆಯಿಂದ ಸಾಮಾನು ಸಾಗಿಸಲು ದಾರಿಯಿಲ್ಲದಿದ್ದರೆ ಹೊಸ ಮನೆಗೆ ಯಾರು ಬರುತ್ತಾರೆ?

ಕೇಳಿ ಕಲಿಯುವುದಕ್ಕೂ ಮಿತಿಯಿದೆ. 2004ರಲ್ಲಿ ಯುರೋಪಿಯನ್ ಆಯೋಗ ಮೈಕ್ರೋಸಾಫ್ಟ್‌ಗೆ 49.7 ಕೋಟಿ ಯೂರೋ ದಂಡ ಹಾಕಿ, ಪ್ರತಿಸ್ಪರ್ಧಿ ಸರ್ವರ್‌ಗಳು ಹೊಂದಿಕೊಳ್ಳಲು ಬೇಕಾದ ಮಾಹಿತಿ ಕೊಡಬೇಕೆಂದಿತು. ಲಕ್ಸೆಂಬರ್ಗ್‌ನ ಕೋರ್ಟಿನಲ್ಲಿ ಸಾಂಬಾದವರೂ ಆಯೋಗದ ಪರ ನಿಂತರು. 2007ರ ಸೆಪ್ಟೆಂಬರಿನಲ್ಲಿ ಆ ಆದೇಶ ಬಹುಪಾಲು ಊರ್ಜಿತವಾಯಿತು. ಡಿಸೆಂಬರಿನಲ್ಲಿ ಒಪ್ಪಂದ: ಒಮ್ಮೆ 10,000 ಯೂರೋ ಕಟ್ಟಿದರೆ ದಾಖಲೆಗಳು ಸಿಗುತ್ತವೆ. ದಾಖಲೆ ಗುಟ್ಟಾಗಿರಬೇಕು, ಅದನ್ನೋದಿ ಬರೆದ ಕೋಡ್ ಮಾತ್ರ ಬಯಲಲ್ಲೇ ಇರಬಹುದು. ನನ್ನ ಮಟ್ಟಿಗೆ ಗೆರೆ ಎಳೆಯಬೇಕಾದದ್ದು ಅಲ್ಲೇ. ಎದುರಿನವನ ಭಾಷೆ ಆಡಬಹುದು, ನಾವು ಬರೆದದ್ದನ್ನು ಮುಚ್ಚಿಡುವ ಷರತ್ತಿಗೆ ಸಹಿ ಹಾಕಬಾರದು. 2011ರಲ್ಲಿ ಮೈಕ್ರೋಸಾಫ್ಟ್‌ನವರೇ ಸಾಂಬಾಕ್ಕೆ ಕೋಡ್ ಕಳಿಸಿದರು.

ಹೋದ ವರ್ಷ ಪ್ರಕಾಶಕರೊಬ್ಬರು ಅನುವಾದಕ್ಕೆಂದು ಹಸ್ತಪ್ರತಿ ಕಳಿಸಿದ್ದರು. ಯೂನಿಕೋಡ್‌ಗೂ ಮುಂಚಿನ ಫಾಂಟಿನಲ್ಲಿದ್ದ ಕನ್ನಡ ನನ್ನ ಲಿನಕ್ಸ್ ಯಂತ್ರದಲ್ಲಿ ಬರೀ ರೋಮನ್ ಅಕ್ಷರಗಳ ಚಿತ್ತಾಗಿ ಕಂಡಿತು. ಒಂದೊಂದು ಚಿಹ್ನೆಗೂ ಯಾವ ಅಕ್ಷರವೆಂದು ಕೂತು ಹೊಂದಿಸಿ ಯಾರೋ ಬರೆದಿಟ್ಟ ಉಚಿತ ಪರಿವರ್ತಕವೊಂದು ಸಿಕ್ಕಿತು. ಅರ್ಕಾವತ್ತು ಕೆಲವೆಡೆ ತಪ್ಪಿತ್ತು, ತಿದ್ದಿಕೊಂಡೆ. ಪುಸ್ತಕ ಈಗ ಎರಡನೇ ಪ್ರೂಫಿನಲ್ಲಿದೆ.