ಸ್ಲೀಪಿಂಗ್ ಮ್ಯಾಟ್

ಸ್ಲೀಪಿಂಗ್ ಮ್ಯಾಟ್ ಎಂಬುದು ಚಾರಣ ಮತ್ತು ಶಿಬಿರಗಳಲ್ಲಿ ನೆಲದ ಮೇಲೆ ಹಾಸಿಕೊಂಡು ಮಲಗಲು ಬಳಸುವ ಹಗುರವಾದ ಹಾಸು. ಗಟ್ಟಿ ನೆಲದ ಒತ್ತಡವನ್ನು ತಗ್ಗಿಸುವುದು ಮತ್ತು ದೇಹದ ಶಾಖವು ನೆಲಕ್ಕೆ ಹರಿದುಹೋಗದಂತೆ ತಡೆಯುವುದು ಇದರ ಮುಖ್ಯ ಕೆಲಸಗಳು. ಫೋಮ್ ಮ್ಯಾಟ್, ತಾನಾಗಿ ಉಬ್ಬುವ ಮ್ಯಾಟ್ ಮತ್ತು ಗಾಳಿ ತುಂಬುವ ಮ್ಯಾಟ್ ಎಂದು ಇದರಲ್ಲಿ ಮೂರು ಬಗೆಗಳಿವೆ. ಬಳ್ಳಾರಿ ಸೀಮೆಯ ಕುರಿಗಾಹಿಗಳು ಇದೇ ಉದ್ದೇಶಕ್ಕೆ ಕಂಬಳಿಯನ್ನು ಬಳಸುತ್ತ ಬಂದಿದ್ದಾರೆ. ಮ್ಯಾಟಿನ ಸುಖವು ಕೇವಲ ಅದರ ದಪ್ಪವನ್ನು ಅವಲಂಬಿಸಿಲ್ಲ. ಮಲಗುವ ಭಂಗಿ, ನೆಲದ ಸ್ವರೂಪ ಮತ್ತು ಹವೆಯೂ ಅದನ್ನು ನಿರ್ಧರಿಸುತ್ತವೆ.

ಸುಖವನ್ನು ನಿರ್ಧರಿಸುವ ಅಂಶಗಳು

ಒತ್ತಡ: ಅಂಗಾತ ಮಲಗಿದಾಗ ದೇಹದ ಭಾರವು ವಿಶಾಲವಾಗಿ ಹಂಚಿಹೋಗುತ್ತದೆ. ಮಗ್ಗುಲಾಗಿ ಮಲಗಿದಾಗ ಭುಜ ಮತ್ತು ಸೊಂಟದ ಮೇಲೆ ಹೆಚ್ಚು ಒತ್ತಡ ಬೀಳುವುದರಿಂದ ದಪ್ಪ ಮ್ಯಾಟ್ ಬೇಕಾಗುತ್ತದೆ.

ಶಾಖನಿರೋಧ: ದೇಹದ ಭಾರಕ್ಕೆ ಸ್ಲೀಪಿಂಗ್ ಬ್ಯಾಗಿನ ಕೆಳಭಾಗವು ಅದುಮಿಹೋಗಿ ಅದರಲ್ಲಿನ ಗಾಳಿ ಹೊರಹೋಗುತ್ತದೆ. ಆದ್ದರಿಂದ ನೆಲದ ತಂಪನ್ನು ಮ್ಯಾಟೇ ತಡೆಯಬೇಕಾಗುತ್ತದೆ. ಈ ಸಾಮರ್ಥ್ಯವನ್ನು ಆರ್-ಮೌಲ್ಯದಿಂದ ಸೂಚಿಸುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ರಕ್ಷಣೆ ಹೆಚ್ಚು. ಒಂದರ ಮೇಲೊಂದು ಹಾಸಿದ ಎರಡು ಮ್ಯಾಟುಗಳ ಆರ್-ಮೌಲ್ಯಗಳು ಕೂಡಿಕೊಳ್ಳುತ್ತವೆ. ವಿವಿಧ ತಯಾರಕರ ಮ್ಯಾಟುಗಳನ್ನು ಒಂದೇ ವಿಧಾನದಿಂದ ಅಳೆಯಲು ಎಎಸ್‌ಟಿಎಂ ಎಫ್3340 ಎಂಬ ಮಾನದಂಡವು 2018ರಲ್ಲಿ ಪ್ರಕಟವಾಯಿತು.

ಸ್ಥಿರತೆ: ತೀರ ಬಿಗಿಯಾಗಿ ಉಬ್ಬಿಸಿದ ಮ್ಯಾಟಿನ ಮೇಲೆ ಹೊರಳಿದಾಗ ದೇಹವು ಜಾರುತ್ತದೆ. ಮ್ಯಾಟುಗಳ ಸಾಮಾನ್ಯ ಅಗಲ ಸುಮಾರು 51 ಸೆಂ.ಮೀ. ಇದ್ದು, ಹೆಚ್ಚು ಹೊರಳುವವರಿಗೆ ಸುಮಾರು 64 ಸೆಂ.ಮೀ. ಅಗಲದವು ಅನುಕೂಲಕರ.

ಬಗೆಗಳು

ಫೋಮ್ ಮ್ಯಾಟ್: ಮುಚ್ಚಿದ ಕೋಶಗಳುಳ್ಳ ಈ ಫೋಮ್ ನೀರನ್ನು ಹೀರುವುದಿಲ್ಲ. ದಪ್ಪ 1ರಿಂದ 2 ಸೆಂ.ಮೀ. ಇದು ಅಗ್ಗ ಮತ್ತು ಹಗುರ, ತೂತಾದರೂ ಕೆಡುವುದಿಲ್ಲ. ಮಗ್ಗುಲಾಗಿ ಮಲಗುವವರಿಗೆ ಗಡುಸೆನಿಸುತ್ತದೆ.

ತಾನಾಗಿ ಉಬ್ಬುವ ಮ್ಯಾಟ್: ಇದರೊಳಗೆ ತೆರೆದ ಕೋಶಗಳ ಫೋಮ್ ಇರುತ್ತದೆ. ವಾಲ್ವ್ ತೆರೆದಾಗ ಫೋಮ್ ಅರಳಿ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ 1972ರಲ್ಲಿ ಸ್ಥಾಪನೆಯಾದ ಕ್ಯಾಸ್ಕೇಡ್ ಡಿಸೈನ್ಸ್ ಸಂಸ್ಥೆಯು ಈ ಬಗೆಯನ್ನು ಜನಪ್ರಿಯಗೊಳಿಸಿತು. ಇದು ಸ್ಥಿರ ಹಾಗೂ ಮೆತ್ತಗೆ ಇದ್ದರೂ ತೂಕ ಹೆಚ್ಚು.

ಗಾಳಿ ತುಂಬುವ ಮ್ಯಾಟ್: ದಪ್ಪ ಸಾಮಾನ್ಯವಾಗಿ 5ರಿಂದ 10 ಸೆಂ.ಮೀ. ಮಡಿಚಿದಾಗ ಬಹಳ ಚಿಕ್ಕದಾಗುತ್ತದೆ. ಮೂರರಲ್ಲಿ ಇದೇ ಹೆಚ್ಚು ಮೆತ್ತಗಿನದಾದರೂ ತೂತಾದರೆ ಆ ರಾತ್ರಿಗೆ ನಿರುಪಯುಕ್ತವಾಗುತ್ತದೆ. ಒಳಗೆ ಶಾಖನಿರೋಧಕ ಪದರವಿಲ್ಲದಿದ್ದರೆ, ಎಷ್ಟೇ ದಪ್ಪವಿದ್ದರೂ ಒಳಗಿನ ಗಾಳಿಯ ಚಲನೆಯಿಂದ ಮೈ ತಣ್ಣಗಾಗುತ್ತದೆ.

ಹೋಲಿಕೆ

| ಬಗೆ | ಮೆತ್ತನೆ | ಸ್ಥಿರತೆ | ಮುಳ್ಳಿನ ಅಪಾಯ |
|---|---|---|---|
| ಫೋಮ್ | ಕಡಿಮೆ | ಹೆಚ್ಚು | ಇಲ್ಲ |
| ತಾನಾಗಿ ಉಬ್ಬುವುದು | ಮಧ್ಯಮ | ಹೆಚ್ಚು | ಮಧ್ಯಮ |
| ಗಾಳಿ ತುಂಬುವುದು | ಹೆಚ್ಚು | ಕಡಿಮೆ | ಹೆಚ್ಚು |
| ಕಂಬಳಿ | ಕಡಿಮೆ | ಹೆಚ್ಚು | ಇಲ್ಲ |

ಬಳ್ಳಾರಿ ಪ್ರದೇಶದಲ್ಲಿ

ಬಳ್ಳಾರಿಯು ಒಣಹವೆಯ ಪ್ರದೇಶ. ಬೇಸಿಗೆಯಲ್ಲಿ ಹಗಲಿನ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬಳ್ಳಾರಿ ಮತ್ತು ಕುರುಗೋಡಿನ ಬಂಡೆಗುಡ್ಡಗಳು ಹಗಲಿನ ಬಿಸಿಯನ್ನು ಹೀರಿಕೊಂಡು ಸಂಜೆಯ ನಂತರವೂ ಬೆಚ್ಚಗಿರುತ್ತವೆ. ಸಿರುಗುಪ್ಪದ ಕಡೆಯ ಎರೆಭೂಮಿಯು ಬೇಸಿಗೆಯಲ್ಲಿ ಬಿರುಕು ಬಿಟ್ಟು ಏರುಪೇರಾಗಿ, ಮಳೆಗಾಲದಲ್ಲಿ ಕೆಸರಾಗುತ್ತದೆ. ಆದ್ದರಿಂದ ಇಲ್ಲಿ ಹೆಚ್ಚಿನ ಆರ್-ಮೌಲ್ಯಕ್ಕಿಂತ ಮೆತ್ತನೆ ಮತ್ತು ಬಾಳಿಕೆ ಮುಖ್ಯವಾಗುತ್ತವೆ.

ಈ ಭಾಗದಲ್ಲಿ ವ್ಯಾಪಕವಾಗಿ ಹರಡಿರುವ ಬಳ್ಳಾರಿ ಜಾಲಿಯ ಗಟ್ಟಿ ಮುಳ್ಳುಗಳು ಗಾಳಿ ತುಂಬುವ ಮ್ಯಾಟನ್ನು ಸುಲಭವಾಗಿ ತೂತು ಮಾಡಬಲ್ಲವು. ಇಂತಹ ನೆಲದಲ್ಲಿ ಫೋಮ್ ಮ್ಯಾಟ್ ಸುರಕ್ಷಿತ. ಗಾಳಿಯ ಮ್ಯಾಟನ್ನೇ ಬಳಸುವುದಾದರೆ ಅದರ ಕೆಳಗೆ ತೆಳುವಾದ ಫೋಮ್ ಹಾಸುವುದು ಒಳ್ಳೆಯದು. ಪಶ್ಚಿಮ ಘಟ್ಟದ ಕುಮಾರ ಪರ್ವತ, ಮುಳ್ಳಯ್ಯನಗಿರಿಗಳಂತಹ ಎತ್ತರದ ತಾಣಗಳಲ್ಲಿ ಚಳಿಗಾಲದ ರಾತ್ರಿಯ ತಂಪು ಮತ್ತು ತೇವದಿಂದಾಗಿ ಶಾಖನಿರೋಧಕ್ಕೆ ಹೆಚ್ಚು ಗಮನ ಕೊಡಬೇಕಾಗುತ್ತದೆ.

ಕಂಬಳಿ

ದಖನಿ ಕುರಿಯ ಉಣ್ಣೆಯಿಂದ ಕೈಮಗ್ಗದಲ್ಲಿ ನೇಯುವ ಕಂಬಳಿಗೆ ಹುಣಸೆ ಬೀಜದ ಗಂಜಿಯನ್ನು ಹಚ್ಚಿ ಬಿಗಿಗೊಳಿಸುತ್ತಾರೆ. ಮಂದೆಯೊಂದಿಗೆ ಊರೂರು ಅಲೆಯುವ ಕುರುಬರಿಗೆ ಅದೊಂದೇ ವಸ್ತು ಹಾಸಿಗೆ, ಹೊದಿಕೆ ಮತ್ತು ಮಳೆಯಲ್ಲಿ ಕೊಪ್ಪೆಯಾಗಿ ಒದಗುತ್ತದೆ. ಉಣ್ಣೆಯು ಒದ್ದೆಯಾದರೂ ಸ್ವಲ್ಪ ಬೆಚ್ಚಗಿನ ಗುಣವನ್ನು ಉಳಿಸಿಕೊಳ್ಳುತ್ತದೆ. ಹತ್ತಿಬಟ್ಟೆಯ ಕೌದಿಯು ಮೆತ್ತಗಿದ್ದರೂ ತೇವವನ್ನು ಹಿಡಿದುಕೊಂಡು ಭಾರವಾಗುತ್ತದೆ. ಫೋಮ್ ಮ್ಯಾಟಿಗಿಂತ ಕಂಬಳಿ ಭಾರವಾದರೂ ಹಾಸು-ಹೊದಿಕೆ ಎರಡನ್ನೂ ಬೇರೆಯಾಗಿ ಹೊರಬೇಕಾಗಿಲ್ಲ.

ಬಳಕೆ ಮತ್ತು ಆರೈಕೆ

ಮ್ಯಾಟ್ ಹಾಸುವ ಮೊದಲು ಕಲ್ಲು, ಮುಳ್ಳುಗಳನ್ನು ಕೈಯಾಡಿಸಿ ತೆಗೆಯಬೇಕು. ಗಾಳಿಯ ಮ್ಯಾಟನ್ನು ಪೂರ್ತಿ ಉಬ್ಬಿಸಿ ಮಗ್ಗುಲಾಗಿ ಮಲಗಿ, ಸೊಂಟವು ನೆಲಕ್ಕೆ ತಾಗದಷ್ಟರ ಮಟ್ಟಿಗೆ ಗಾಳಿಯನ್ನು ಬಿಡುವುದರಿಂದ ಸುಖ ಹೆಚ್ಚುತ್ತದೆ. ಬಿಸಿಲಿನಲ್ಲಿ ಒಳಗಿನ ಗಾಳಿಯು ಹಿಗ್ಗಿ ಬೆಸುಗೆಗಳು ಬಿಡುವ ಸಂಭವವಿರುವುದರಿಂದ ಹಗಲಿನಲ್ಲಿ ವಾಲ್ವನ್ನು ತೆರೆದಿಡಬೇಕು. ಬಾಯಿಂದ ಊದಿದರೆ ಉಸಿರಿನ ತೇವ ಒಳಸೇರುತ್ತದೆ; ಆದ್ದರಿಂದ ಪಂಪ್ ಬಳಸುವುದು ಉತ್ತಮ. ಅಂಟುಪಟ್ಟಿಯ ದುರಸ್ತಿ ಸಾಮಗ್ರಿಯನ್ನು ಜೊತೆಯಲ್ಲಿ ಒಯ್ಯಬೇಕು.